ಹತ್ತನೆಯ ತೋಳು



ಈಗ ನನ್ನ ಮುಖ ನಿಮಗೆ ಕಾಣಿಸುತ್ತಿಲ್ಲ. ಗಡ್ಡ ಬಿಟ್ಟಿದ್ದೇನೋ ಬೋಳಿಸಿದ್ದೇನೋ, ನಗುತ್ತಿದ್ದೇನೋ ಹುಬ್ಬು ಗಂಟಿಕ್ಕಿದ್ದೇನೋ ನಿಮಗೆ ಗೊತ್ತಿಲ್ಲ. ದನಿಯೊಂದೇ ಆಧಾರ. ಬಾನುಲಿಯಲ್ಲಿ ಇದು ಹೊಸದೇನಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದ ದಿನದಿಂದಲೂ ಮೈಕಿನ ಮುಂದೆ ಕೂತವರೆಲ್ಲ ಮುಖ ಮರೆಸಿಕೊಂಡೇ ಮಾತಾಡಿದವರು. ಆದರೆ ಕೊರೊನಾ ಬಂದ 2020ರ ಬೇಸಿಗೆಯಿಂದ ಹೆಚ್ಚುಕಡಿಮೆ ಎರಡು ವರ್ಷ ಊರಿಗೆ ಊರೇ ಬಾನುಲಿಯಾಗಿಬಿಟ್ಟಿತ್ತು. ಎಲ್ಲರ ದನಿಯೂ ಕೇಳುತ್ತಿತ್ತು, ಯಾರ ಮುಖವೂ ಕಾಣುತ್ತಿರಲಿಲ್ಲ.

ನಮ್ಮ ಬೀದಿಯ ದಿನಸಿ ಅಂಗಡಿಯವರು ಇಪ್ಪತ್ತು ವರ್ಷದ ಪರಿಚಯ. ಮೊದಲ ದಿನ ಮಾಸ್ಕು ಹಾಕಿಕೊಂಡು ಹೋದಾಗ ಅಪರಿಚಿತನನ್ನು ನೋಡಿದ ಹಾಗೆ ನೋಡಿದರು. ‘ಅರ್ಧ ಕೇಜಿ ತೊಗರಿಬೇಳೆ’ ಅಂದೆ. ‘ಓಹೋ, ಮೇಷ್ಟ್ರಾ! ಬಾಯಿ ಬಿಡೋವರ್ಗೂ ಗೊತ್ತಾಗ್ಲಿಲ್ಲ ನೋಡಿ’ ಅಂದರು. ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ಆರು ವೃತ್ತಗಳು, ಅಡ್ಡ ಕಟ್ಟಿದ ಹಗ್ಗ. ಪಿವಿಸಿ ಪೈಪೊಂದನ್ನು ಉದ್ದಕ್ಕೆ ಸೀಳಿ ಮಕ್ಕಳ ಜಾರುಬಂಡೆಯ ಹಾಗೆ ಗಲ್ಲಾದಿಂದ ನಮ್ಮ ಚೀಲದವರೆಗೆ ಇಳಿಬಿಟ್ಟಿದ್ದರು. ಬೇಳೆ ಪೊಟ್ಟಣ ಅದರಲ್ಲಿ ಜಾರಿ ಬಂದು ಚೀಲಕ್ಕೆ ಬೀಳುತ್ತಿತ್ತು. ದುಡ್ಡು ಮಾತ್ರ ಜಾರಿ ಮೇಲಕ್ಕೆ ಹತ್ತುವುದಿಲ್ಲವಲ್ಲ, ಅದಕ್ಕೊಂದು ಪ್ಲಾಸ್ಟಿಕ್ ತಟ್ಟೆ. ಯಾರಿಗಾದರೂ ಫೋನ್ ಮಾಡಿದರೆ ಅವರ ದನಿಗಿಂತ ಮುಂಚೆ ಸರ್ಕಾರದ ಎಚ್ಚರಿಕೆಯ ಸಂದೇಶದಲ್ಲಿ ಯಾರದೋ ಕೆಮ್ಮು. ಮೊದಲ ಸಲ ಕೇಳಿದಾಗ ಆ ಕಡೆಯವರಿಗೇ ಹುಷಾರಿಲ್ಲವೆಂದು ಗಾಬರಿಯಾಗಿ ನಾನು ಫೋನ್ ಇಟ್ಟುಬಿಟ್ಟಿದ್ದೆ.

ಬಸ್ಸು ಮತ್ತೆ ಓಡಲು ಶುರುವಾದಾಗ ಕಂಡಕ್ಟರ ಪಾಡು ನೋಡಬೇಕಿತ್ತು. ಮಾಸ್ಕು ಹಾಕಿಕೊಂಡು ಸೀಟಿ ಊದುವುದು ಹೇಗೆ? ಪ್ರತಿ ನಿಲ್ದಾಣದಲ್ಲೂ ಮಾಸ್ಕು ಕೆಳಗಿಳಿಸಿ ಒಂದು ಸಲ ಊದಿ ಮತ್ತೆ ಏರಿಸಬೇಕು. ನಾಲ್ಕಾರು ನಿಲ್ದಾಣವಾದ ಮೇಲೆ ಒಬ್ಬರು ಸೀಟಿಯನ್ನೇ ಜೇಬಿಗೆ ಹಾಕಿ, ಬಸ್ಸಿನ ತಗಡಿಗೆ ಅಂಗೈಯಿಂದ ಎರಡೇಟು ಬಡಿದು ‘ರೈಟ್’ ಅಂದರು. ಅಲ್ಲಿಗೆ ಅದು ಬಗೆಹರಿಯಿತು. ಬಗೆಹರಿಯದೆ ಉಳಿದದ್ದು ಅವರ ಬೆರಳು. ಚಿಲ್ಲರೆ ಕೊಡಲು ನೋಟು ಎಣಿಸುವಾಗ ತೋರುಬೆರಳು ತಾನಾಗಿ ನಾಲಗೆಯ ಕಡೆ ಹೋಗುತ್ತಿತ್ತು. ಮಾಸ್ಕಿಗೆ ತಗುಲಿ ವಾಪಸ್ಸು ಬರುತ್ತಿತ್ತು. ಮೂವತ್ತು ವರ್ಷದ ಅಭ್ಯಾಸ ಒಂದು ತುಂಡು ಬಟ್ಟೆಗೆ ಹೋಗಿ ಡಿಕ್ಕಿ ಹೊಡೆಯುವುದನ್ನು ನಾನು ಮುಂದಿನ ಸೀಟಿನಲ್ಲಿ ಕೂತು ನೋಡಿದೆ.

ಎಂಜಲು! ಈ ಪದ ನಮ್ಮ ಅಜ್ಜಿಯರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಲೋಟ ಕಚ್ಚಿ ಕುಡಿಯಬೇಡ, ಎತ್ತಿ ಕುಡಿ. ಎಂಜಲು ಕೈಯಲ್ಲಿ ಸೌಟು ಮುಟ್ಟಬೇಡ. ಎಂಜಲೆಲೆ ತೆಗೆದು ನೆಲ ಸಾರಿಸು. ಇಷ್ಟೆಲ್ಲ ಎಚ್ಚರವಿದ್ದ ಮನೆಯಲ್ಲಿ ಯಾರಿಗೂ ಹೊಳೆಯದಿದ್ದ ಒಂದು ಎಂಜಲಿತ್ತು. ಅದು ಮಾತಿನ ಎಂಜಲು. ನಾವು ‘ಪ’ ಅಂದರೂ ‘ಥ’ ಅಂದರೂ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಬಾಯಿಂದ ಹೊರಡುತ್ತವೆ. ಹಾಡಿದರೆ, ಕೂಗಿದರೆ ಇನ್ನೂ ಹೆಚ್ಚು. ದೊಡ್ಡ ಹನಿ ಮೂರು ಅಡಿ, ಆರು ಅಡಿಯೊಳಗೆ ನೆಲಕ್ಕೆ ಬೀಳುತ್ತದೆಂದು ಮೊದಮೊದಲು ಹೇಳಿದರು. ಅದಕ್ಕೇ ಆ ಸುಣ್ಣದ ವೃತ್ತಗಳು. ತೀರ ಸಣ್ಣವು ಬೀಳುವುದೇ ಇಲ್ಲ, ಊದುಬತ್ತಿಯ ಹೊಗೆಯ ಹಾಗೆ ಮುಚ್ಚಿದ ಕೋಣೆಯಲ್ಲಿ ತೇಲುತ್ತ ಉಳಿಯುತ್ತವೆ ಎಂಬುದು ಆಮೇಲೆ ತಲೆಗೆ ಹೋಯಿತು. ಅಷ್ಟರಲ್ಲಿ ನಾವು ಹಾಲಿನ ಪ್ಯಾಕೆಟ್ಟಿಗೆ ಸೋಪು ಹಾಕಿ ತೊಳೆದಿದ್ದೆವು, ಟೊಮೆಟೊಗೆ ಉಪ್ಪು ಅರಿಶಿನದ ಸ್ನಾನ ಮಾಡಿಸಿದ್ದೆವು, ದಿನಪತ್ರಿಕೆಗೆ ಇಸ್ತ್ರಿ ಹಾಕಿ ಓದಿದ್ದೆವು. ಕಿಟಕಿ ತೆರೆಯುವುದನ್ನು ಮಾತ್ರ ಮರೆತಿದ್ದೆವು.

ಬಾಯಿಗೆ ಬಟ್ಟೆ ಕಟ್ಟಿದರೆ ಸಾಂಕ್ರಾಮಿಕ ನಿಲ್ಲುತ್ತದೆಂದು ಹಟ ಹಿಡಿದವರಲ್ಲಿ ಮೊದಲಿಗರು ವು ಲಿಯೆನ್-ತೆ ಎಂಬ ವೈದ್ಯರು. ಮಲಯದ ಪೆನಾಂಗಿನಲ್ಲಿ ಹುಟ್ಟಿದವರು. 1910ರ ಚಳಿಗಾಲದಲ್ಲಿ ಮಂಚೂರಿಯದ ಹಾರ್ಬಿನ್ನಿನಲ್ಲಿ ಶ್ವಾಸಕೋಶದ ಪ್ಲೇಗು ಎದ್ದಾಗ, ಇದು ಇಲಿಯಿಂದಲ್ಲ, ಮನುಷ್ಯನ ಉಸಿರಿನಿಂದಲೇ ಹರಡುತ್ತಿದೆ ಎಂದು ಹೇಳಿ ಹತ್ತಿ, ಜಾಳುಬಟ್ಟೆಗಳ ಪದರ ಹೊಲಿಸಿ ಎಲ್ಲರ ಮುಖಕ್ಕೆ ಕಟ್ಟಿಸಿದರು. ಮೆಸ್ನಿ ಎಂಬ ಫ್ರೆಂಚ್ ವೈದ್ಯರು ಅವರ ಮಾತಿಗೆ ಬೆಲೆ ಕೊಡದೆ ಮಾಸ್ಕಿಲ್ಲದೆ ರೋಗಿಗಳನ್ನು ನೋಡಿದರು. ಕೆಲವೇ ದಿನಗಳಲ್ಲಿ ಅದೇ ಪ್ಲೇಗಿಗೆ ತೀರಿಕೊಂಡರು.

ಎಂಜಲಿನ ಮಾತು ಬಂದಮೇಲೆ ಅದರ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ತಮ್ಮ ಉಗುಳು ದಾರಿಗೆ ಬೀಳದಂತೆ ಕೊರಳಿಗೆ ಮಡಕೆ ಕಟ್ಟಿಕೊಂಡು ನಡೆಯಬೇಕಿತ್ತೆಂದು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಬರೆದಿದ್ದಾರೆ. ಅದೂ ಒಂದು ಭಾಷಣವೇ. ಸಭೆ ಕರೆದವರು ಹಿಂದೆ ಸರಿದದ್ದರಿಂದ ಆಡಲಾಗದೆ, ಅಚ್ಚಿನಲ್ಲಿ ಬಂದ ಭಾಷಣ. ನಮ್ಮ ಕಡೆಯೂ ಗೌಡರ ಜಗಲಿಯ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದವರನ್ನು ನಾನೇ ಹುಡುಗನಾಗಿದ್ದಾಗ ನೋಡಿದ್ದೇನೆ. ಆದ್ದರಿಂದ 2020ರಲ್ಲಿ ‘ಸಾಮಾಜಿಕ ಅಂತರ ಕಾಪಾಡಿ’ ಎಂಬ ಹಲಗೆ ಊರೂರಲ್ಲಿ ಎದ್ದು ನಿಂತಾಗ ಹಲವರಿಗೆ ಕಸಿವಿಸಿಯಾಯಿತು. ಅದನ್ನು ಕಾಪಾಡಿಕೊಂಡು ಬಂದದ್ದು ಸಾಲದೇ ಎಂದು ಅವರು ಕೇಳಿದ್ದರಲ್ಲಿ ಅನ್ಯಾಯವೇನಿರಲಿಲ್ಲ. ಬೆಂಗಳೂರಿನಿಂದ ನಡೆದು ಬಂದವರನ್ನು ತಡೆಯಲು ಊರ ಬಾಗಿಲಿಗೆ ಮುಳ್ಳು ಕಡಿದು ಹಾಕಿದ್ದನ್ನು, ರಸ್ತೆಗೆ ಅಡ್ಡಲಾಗಿ ಕಂದಕ ತೋಡಿದ್ದನ್ನು ನೋಡಿದವರಿಗೆ ಆ ಹಳೆಯ ಅಂತರ ಎಷ್ಟು ಬೇಗ ಹೊಸ ಬಟ್ಟೆ ತೊಟ್ಟುಕೊಳ್ಳಬಲ್ಲದು ಎಂಬುದೂ ಗೊತ್ತಾಯಿತು.

ನಾನು ಆಗ ಕಂಡುಕೊಂಡದ್ದು ಇಷ್ಟೇ. ಎಚ್ಚರಕ್ಕೊಂದು ದಿಕ್ಕಿರುತ್ತದೆ. ಮಡಿಯ ಎಚ್ಚರ ನನ್ನ ಕಡೆಗೆ ಮುಖ ಮಾಡಿರುತ್ತದೆ, ನಿನ್ನಿಂದ ನನಗೆ ಏನೂ ತಗುಲದಿರಲಿ ಎನ್ನುತ್ತದೆ. ಮೂರು ಪದರದ ಆ ಬಟ್ಟೆಯ ದಿಕ್ಕು ಬೇರೆ. ಹಾಕಿಕೊಂಡವನನ್ನು ಅದು ಸ್ವಲ್ಪ ಕಾಯುತ್ತದೆ, ಎದುರಿಗಿರುವವನನ್ನು ಹೆಚ್ಚು ಕಾಯುತ್ತದೆ. ಏಕೆಂದರೆ ಹನಿಯನ್ನು ಹೊರಟ ಜಾಗದಲ್ಲೇ ಹಿಡಿಯುವುದು ಸುಲಭ, ಗಾಳಿಯಲ್ಲಿ ಹರಡಿದ ಮೇಲೆ ಕಷ್ಟ. ನನ್ನ ಎಂಜಲಿಗೆ ನಾನೇ ಜವಾಬ್ದಾರ. ಇದರಲ್ಲಿ ಗೌಡರಿಗೂ ವಿನಾಯಿತಿಯಿಲ್ಲ.

ಇದೆಲ್ಲ ಹೇಳಲು ಚೆನ್ನ. ಆಚರಣೆಯ ಕಥೆ ಬೇರೆ. ಮೊದಲ ತಿಂಗಳು ಔಷಧಿ ಅಂಗಡಿಯಲ್ಲಿ ಮಾಸ್ಕೇ ಸಿಗಲಿಲ್ಲ. ನಮ್ಮ ಪಕ್ಕದ ಬೀದಿಯ ಟೈಲರ್ ಅಕ್ಕನ ಮಷೀನು ಮದುವೆಯ ಕಾಲದಲ್ಲೇ ಸುಮ್ಮನೆ ನಿಂತಿತ್ತು. ಒಂದು ದಿನ ಆಕೆ ಮನೆಮನೆಯ ಬಾಗಿಲಲ್ಲಿ ನಿಂತು ‘ಹೊಲಿಸದೇ ಇಟ್ಟಿರೋ ರವಿಕೆ ಕಣ ಇದ್ರೆ ಕೊಡಿ’ ಅಂದರು. ಎಂಥ ಪ್ರಶ್ನೆ! ಯಾವ ಮನೆಯಲ್ಲಿ ಇಲ್ಲ? ಅರಿಶಿನ ಕುಂಕುಮಕ್ಕೆ ಹೋದಾಗ ಕೊಟ್ಟದ್ದು, ಅದನ್ನೇ ನಾವು ಇನ್ನೊಬ್ಬರಿಗೆ ಕೊಟ್ಟದ್ದು, ಅವರು ಮತ್ತೊಬ್ಬರಿಗೆ ದಾಟಿಸಿ ಮೂರು ವರ್ಷಕ್ಕೆ ನಮಗೇ ವಾಪಸ್ಸು ಬಂದದ್ದು. ಮೈಸೂರಿನಲ್ಲಿ ತಾಂಬೂಲದ ತಟ್ಟೆಯಿಂದ ತಟ್ಟೆಗೆ ಅಲೆಯುತ್ತಿದ್ದ ಅಷ್ಟೂ ರವಿಕೆ ಕಣಗಳಿಗೆ ಆ ಬೇಸಿಗೆಯಲ್ಲಿ ಮುಕ್ತಿ ಸಿಕ್ಕಿತು. ಎಲಾಸ್ಟಿಕ್ ಮುಗಿದಾಗ ಲಂಗದ ಲಾಡಿ ಹಾಕಿದರು. ಹತ್ತು ರೂಪಾಯಿಗೆ ಒಂದು. ಹಸಿರು ಕಣಕ್ಕೆ ಕೆಂಪು ಲಾಡಿಯ ಮಾಸ್ಕಿನಲ್ಲಿ ನಾನು ಎರಡು ತಿಂಗಳು ಓಡಾಡಿದೆ. ಮದುವಣಗಿತ್ತಿಯ ಹಾಗೆ ಕಾಣುತ್ತೀರಿ ಎಂದು ನಮ್ಮ ಮನೆಯವರು ನಕ್ಕಿದ್ದು ಮಾಸ್ಕಿನ ಮೇಲಿದ್ದ ಕಣ್ಣಲ್ಲೇ ಗೊತ್ತಾಯಿತು.

ಆಮೇಲೆ ಎನ್-95 ಬಂತು. ಅದರ ನಡುವಿನ ಪದರದ ಎಳೆಗಳಲ್ಲಿ ಸ್ಥಿರ ವಿದ್ಯುತ್ತು ತುಂಬಿರುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುವ ಹಾಗೆ ಅದು ಸಣ್ಣ ಕಣಗಳನ್ನು ಎಳೆದು ಹಿಡಿಯುತ್ತದೆ. ಸಾಬೂನು ನೀರು ಬಿದ್ದರೆ ಆ ಶಕ್ತಿ ಕುಂದುತ್ತದೆ. ಇದು ಗೊತ್ತಿಲ್ಲದ ನಾನು ವಾರಕ್ಕೊಮ್ಮೆ ಅದನ್ನು ಚೆನ್ನಾಗಿ ಉಜ್ಜಿ ತೊಳೆದು ತಂತಿಯ ಮೇಲೆ ಒಣಹಾಕುತ್ತಿದ್ದೆ. ಬೆಳ್ಳಗೆ ಹೊಳೆಯುತ್ತಿತ್ತು, ಕೆಲಸಕ್ಕೆ ಬಾರದಾಗಿತ್ತು. ಇನ್ನು ಗದ್ದದ ಮಾಸ್ಕು, ಒಂದು ಕಿವಿಗೆ ಓಲೆಯಂತೆ ತೂಗುವ ಮಾಸ್ಕು, ದಂಡ ಹಾಕುವ ಮಾರ್ಷಲ್ ಕಂಡ ಕೂಡಲೇ ಜೇಬಿನಿಂದೇಳುವ ಮಾಸ್ಕು. 2020ರ ಸೆಪ್ಟೆಂಬರ್ ಕೊನೆಗೆ ಸರ್ಕಾರ ನಗರಗಳಲ್ಲಿ ದಂಡವನ್ನು 1,000 ರೂಪಾಯಿಗೆ ಏರಿಸಿತು. ಕೂಗೆದ್ದ ಮೇಲೆ ವಾರದೊಳಗೆ ಅದು 250ಕ್ಕೆ ಇಳಿಯಿತು. ದಂಡಕ್ಕೆ ಹೆದರಿ ಹಾಕಿಕೊಂಡದ್ದು ದಂಡ ಕಟ್ಟಿಸಿಕೊಳ್ಳುವವರು ಮರೆಯಾಗುತ್ತಲೇ ಜಾರಿತು.

ಇಷ್ಟೊಂದು ಗಲಿಬಿಲಿ ನಮ್ಮ ಕಾಲಕ್ಕೇ ಬಂತೆಂದು ಅಂದುಕೊಳ್ಳಬೇಕಿಲ್ಲ. ನಮ್ಮೂರು ತಿಪಟೂರಿನ ಕಡೆ. ನಮ್ಮ ತಾತ ‘ಇಲಿ ಬಿತ್ತು’ ಎಂಬ ಎರಡು ಮಾತು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಲೆಕ್ಕ. ಪಾತ್ರೆ, ದವಸ, ದನಕರು ಕಟ್ಟಿಕೊಂಡು ಇಡೀ ಊರು ತೋಟಗಳಿಗೆ ಹೋಗಿ ತೆಂಗಿನ ಗರಿಯ ಗುಡಿಸಲು ಹಾಕಿಕೊಳ್ಳುತ್ತಿತ್ತು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಆ ದಿನಗಳನ್ನು ನಾನು ವರ್ಣಿಸಬೇಕಾಗಿಲ್ಲ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಗಳ ಅಗಲ ಬೀದಿಗಳಿಗೆ ಹೋಗಿ ನೆಲೆಸಿದ್ದು ಆ ಹೊಡೆತದಿಂದಲೇ. ಪ್ಲೇಗ್ ಮಾರಮ್ಮನ ಗುಡಿಗಳು ಈಗಲೂ ಇವೆ. 2021ರಲ್ಲಿ ಕೊಳ್ಳೇಗಾಲದ ಕಡೆ ಕೊರೊನಾ ಮಾರಮ್ಮನೂ ಬಂದಳು.

ಒಂದು ವಿಚಿತ್ರ ನೋಡಿ. ತಾತನ ಕಾಲದಲ್ಲಿ ಬದುಕಬೇಕಾದರೆ ಮನೆ ಬಿಡಬೇಕಿತ್ತು, ಏಕೆಂದರೆ ರೋಗ ಮನೆಯ ಇಲಿಯಲ್ಲಿತ್ತು, ಇಲಿಯ ಚಿಗಟದಲ್ಲಿತ್ತು. ನಮ್ಮ ಕಾಲದಲ್ಲಿ ಬದುಕಬೇಕಾದರೆ ಮನೆ ಹಿಡಿದು ಕೂರಬೇಕಾಯಿತು, ಏಕೆಂದರೆ ರೋಗ ಮನುಷ್ಯನ ಮಾತಿನಲ್ಲಿತ್ತು. ಬರೀ ಹೆದರಿಕೆಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ರೋಗ ಯಾವ ದಾರಿಯಲ್ಲಿ ಬರುತ್ತದೆಂದು ತಿಳಿದುಕೊಂಡ ಮೇಲೇ ಹೆದರಿಕೆ ಎಚ್ಚರವಾಗುವುದು.

ಸೂಜಿಯ ಕಥೆಯೂ ಹಳೆಯದೇ. ನಮ್ಮ ಅಮ್ಮನ ಎಡತೋಳಿನ ಮೇಲೆ ಎರಡು ದುಂಡನೆಯ ಗುರುತುಗಳಿದ್ದವು, ಮಾಸಿದ ನಾಣ್ಯದ ಹಾಗೆ. ಅದು ಸಿಡುಬಿಗೆ ಹಾಕಿದ ದಾಕು. ದಾಕು ಹಾಕುವವರು ಊರಿಗೆ ಬಂದರೆಂದರೆ ಮಕ್ಕಳು ಅಟ್ಟ ಹತ್ತಿ ರಾಗಿ ಮೂಟೆಗಳ ಹಿಂದೆ ಅವಿತುಕೊಳ್ಳುತ್ತಿದ್ದರಂತೆ. ಹಿಡಿದು ತಂದು ತೋಳಿಗೆ ಊರಿ ತಿರುಪುತ್ತಿದ್ದರಂತೆ. ಅಂಥ ಎಷ್ಟೋ ತೋಳುಗಳ ಫಲವಾಗಿ ನಮ್ಮ ದೇಶದಲ್ಲಿ 1975ರ ಮೇ ತಿಂಗಳಲ್ಲೇ ಸಿಡುಬಿಗೆ ಕೊನೆಯಾಯಿತು, 1980ರಲ್ಲಿ ಲೋಕಕ್ಕೇ ಅದು ಇಲ್ಲವಾಯಿತೆಂದು ಸಾರಿದರು. ಈಗಿನ ಹುಡುಗರ ತೋಳಲ್ಲಿರುವುದು ಬಿಸಿಜಿಯ ಗುರುತು, ದಾಕಿನ ಗುರುತು ಯಾರಿಗೂ ಇಲ್ಲ.

ಆ ಗುರುತನ್ನು ಮೊದಲು ತೋರಿಸಿದವರಲ್ಲಿ ಮೈಸೂರಿನ ರಾಣಿಯೊಬ್ಬರೂ ಇದ್ದಿರಬಹುದು. ಇಂಗ್ಲಿಷ್ ವೈದ್ಯ ಜೆನ್ನರನ ಸಿಡುಬಿನ ಲಸಿಕೆ ಭಾರತದಲ್ಲಿ ಮೊದಲು ಹಿಡಿದದ್ದು 1802ರ ಜೂನಿನಲ್ಲಿ, ಬೊಂಬಾಯಿಯ ಒಂದು ಪುಟ್ಟ ಹೆಣ್ಣುಮಗುವಿನ ತೋಳಿನ ಮೇಲೆ. ಆಗ ಐಸು ಪೆಟ್ಟಿಗೆ ಇರಲಿಲ್ಲ. ಒಬ್ಬರ ತೋಳಿನ ಬೊಕ್ಕೆಯಿಂದ ಕೀವು ತೆಗೆದು ಇನ್ನೊಬ್ಬರ ತೋಳಿಗೆ, ಅವರಿಂದ ಮತ್ತೊಬ್ಬರಿಗೆ, ಹೀಗೆ ತೋಳಿಂದ ತೋಳಿಗೆ ಅದು ದೇಶ ಸುತ್ತಿತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬ ಎಳೆಯ ರಾಣಿ ಸೆರಗನ್ನು ಸ್ವಲ್ಪ ಸರಿಸಿ ತೋಳು ತೋರುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜರ ರಾಣಿ ದೇವಾಜಮ್ಮಣ್ಣಿ, ದಾಕು ಹಾಕಿದ ಜಾಗವನ್ನೇ ತೋರಿಸುತ್ತಿದ್ದಾಳೆ, ಜನರ ಅಂಜಿಕೆ ಬಿಡಿಸಲೆಂದೇ ಆ ಚಿತ್ರ ಬರೆಸಿದ್ದು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಅದು ನಿಜವಾದರೆ, 2021ರಲ್ಲಿ ತೋಳು ಮಡಿಚಿ ಫೋಟೊ ತೆಗೆಸಿಕೊಂಡು ವಾಟ್ಸ್ಆ್ಯಪಿಗೆ ಹಾಕಿದ ನಾವೆಲ್ಲ ಆ ರಾಣಿಯ ವಂಶದವರೇ.

ಈಗ ನಾನು ಹೇಳಬೇಕೆಂದು ಬಂದ ಸಂಗತಿ. ಕೊರೊನಾ ಲಸಿಕೆ ನಮ್ಮಲ್ಲಿ ಶುರುವಾದದ್ದು 2021ರ ಜನವರಿ 16ಕ್ಕೆ. ಮೊದಲು ಆಸ್ಪತ್ರೆಯವರಿಗೆ, ಮಾರ್ಚಿನಲ್ಲಿ ಅರವತ್ತು ದಾಟಿದವರಿಗೆ, ಏಪ್ರಿಲ್ 1ರಿಂದ ನಲವತ್ತೈದು ದಾಟಿದ ಎಲ್ಲರಿಗೆ. ನಾನು ಮೈಸೂರಿನಲ್ಲಿ ಹಾಕಿಸಿಕೊಂಡಿದ್ದೆ. ಏಪ್ರಿಲ್ ಮೊದಲ ವಾರ ಊರಿಗೆ ಹೋಗಿ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಹೋದೆ. ಹೊಂಗೆ ಮರದ ಕೆಳಗೆ ಎಂಟು ಜನ ಕೂತಿದ್ದರು. ಅಮ್ಮ ಒಂಬತ್ತನೆಯವರು. ಒಳಗೆ ಸಿಸ್ಟರ್ ನೀಲಿ ಪೆಟ್ಟಿಗೆಯ ಮುಚ್ಚಳ ತೆಗೆದು, ನಾಲ್ಕು ಐಸ್ ಪ್ಯಾಕುಗಳ ನಡುವೆ ಇದ್ದ ಸಣ್ಣ ಸೀಸೆಯನ್ನು ನೋಡಿ ಮತ್ತೆ ಮುಚ್ಚಿದರು. ‘ಸ್ವಲ್ಪ ಕೂತ್ಕೊಳ್ಳಿ. ಹತ್ತು ಜನ ಆಗ್ಬೇಕು.’

ಕೋವಿಶೀಲ್ಡಿನ ಒಂದು ಸೀಸೆಯಲ್ಲಿ ಐದು ಎಂ.ಎಲ್. ಒಬ್ಬರಿಗೆ ಅರ್ಧ ಎಂ.ಎಲ್. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು, ಮಿಕ್ಕದ್ದನ್ನು ಚೆಲ್ಲಬೇಕಿತ್ತು. ಒಂಬತ್ತು ಜನಕ್ಕೆ ತೆರೆದರೆ ಒಬ್ಬರ ಪಾಲು ವ್ಯರ್ಥ. ಲಸಿಕೆಗೆ ದೇಶವೇ ಬಾಯಿ ಬಿಡುತ್ತಿದ್ದ ಕಾಲ ಅದು, ಪ್ರತಿ ಹನಿಗೂ ಲೆಕ್ಕ ಕೊಡಬೇಕಿತ್ತು. ಹನ್ನೊಂದು ಗಂಟೆ ಹನ್ನೆರಡಾಯಿತು. ಊರಿನ ಆಶಾ ಕಾರ್ಯಕರ್ತೆ, ಎಲ್ಲರ ಆಶಾ ಅಕ್ಕ, ಹತ್ತನೆಯವರನ್ನು ಹುಡುಕಿಕೊಂಡು ಗುಲಾಬಿ ಸೀರೆಯಲ್ಲಿ ಬಿಸಿಲಿಗೆ ಇಳಿದರು. ನಾನೂ ಹಿಂದೆ ಹೋದೆ.

ಮೂರನೆಯ ಮನೆಯಲ್ಲಿ ಒಬ್ಬ ಅಜ್ಜಿ ಕೊಟ್ಟಿಗೆ ಗುಡಿಸುತ್ತಿತ್ತು. ಸೂಜಿ ಎಂದ ಕೂಡಲೇ ಪೊರಕೆ ನಿಂತಿತು. ‘ನಾನ್ ಒಲ್ಲೆ ಕಣವ್ವ. ಎರಡ್ ದಿನ ಜ್ವರ ಬತ್ತೈತಂತೆ. ನಾನ್ ಮಲಗಿದ್ರೆ ಎಮ್ಮೆ ಯಾರ್ ಕರೀತಾರೆ? ಸರ್ಕಾರ ಬಂದು ಕರೀತೈತಾ?’

ನಾನು ಮೇಷ್ಟ್ರು, ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. ಲಸಿಕೆ ಎಂದರೆ ಶತ್ರುವಿನ ಗುರುತನ್ನು ದೇಹಕ್ಕೆ ಮೊದಲೇ ತೋರಿಸಿಡುವುದು ಎಂದು ಶುರುಮಾಡಬೇಕೆಂದಿದ್ದೆ. ಆಶಾ ಅಕ್ಕ ನನಗೆ ಅವಕಾಶ ಕೊಡಲಿಲ್ಲ. ‘ನಿನ್ ಎಮ್ಮೆ ನಾನ್ ಕರೀತೀನಿ ಕಣಜ್ಜಿ. ನಾಳೆ ಎರಡ್ ಹೊತ್ತು, ನಾಡಿದ್ದು ಎರಡ್ ಹೊತ್ತು. ಡೈರಿಗೂ ನಾನೇ ಹಾಕ್ತೀನಿ.’

‘ಗೊತ್ತಿಲ್ದೋರು ಮುಟ್ಟಿದ್ರೆ ಒದೀತೈತೆ ಅದು.’

‘ಒದೀಲಿ ಬಿಡು. ಕೊರೊನಾ ಒದೆಯೋದಕ್ಕಿಂತ ವಾಸಿ.’

ಅಜ್ಜಿ ಪೊರಕೆ ಗೋಡೆಗೆ ಒರಗಿಸಿ, ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು ಹೊರಟಿತು. ನಾನು ಅಲ್ಲಿಯವರೆಗೂ ಲಸಿಕೆ ಬೇಡವೆನ್ನುವವರನ್ನು ತಿಳಿವಳಿಕೆ ಇಲ್ಲದವರೆಂದು ತಳ್ಳಿಹಾಕುತ್ತಿದ್ದೆ. ಈ ಅಜ್ಜಿ ನನಗಿಂತ ಚೆನ್ನಾಗಿ ಲೆಕ್ಕ ಹಾಕಿತ್ತು. ಎರಡು ದಿನದ ಜ್ವರ, ನಾಲ್ಕು ಹೊತ್ತಿನ ಹಾಲು, ಒಂದು ವಾರದ ಖರ್ಚು. ಆಶಾ ಅಕ್ಕ ಬದಲಿಸಿದ್ದು ಆ ಲೆಕ್ಕವನ್ನೇ. ನಮ್ಮ ರಾಜ್ಯದಲ್ಲಿ ಆಗ ಅಂಥ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದರು. ಅದರ ಹಿಂದಿನ ಜುಲೈಯಲ್ಲಷ್ಟೇ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಅವರು ಕೆಲಸ ನಿಲ್ಲಿಸಿ ಕೂತಿದ್ದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆಲ್ಲ ಒಟ್ಟಾಗಿ ಪ್ರಶಸ್ತಿ ಕೊಟ್ಟಿತು. ಎಮ್ಮೆ ಕರೆದದ್ದು ಆ ಪ್ರಶಸ್ತಿಯ ಲೆಕ್ಕದಲ್ಲಿತ್ತೋ ಇಲ್ಲವೋ.

ಹತ್ತಾಯಿತು. ಸಿಸ್ಟರ್ ಸೀಸೆ ತೆರೆದರು, ಗಡಿಯಾರ ನೋಡಿ ಅದರ ಮೇಲೆ ಗಂಟೆ ಬರೆದರು. ಒಬ್ಬೊಬ್ಬರಿಗೂ ಹೊಸ ಸಿರಿಂಜು. ಒಮ್ಮೆ ಒತ್ತಿದರೆ ಅದರ ದಂಡ ಬಿಗಿದುಕೊಳ್ಳುತ್ತದೆ, ಮತ್ತೆ ಎಳೆಯಲು ಬರುವುದಿಲ್ಲ. ಮೊದಲು ಪಟೇಲರ ಮನೆಯ ಯಜಮಾನರು, ಆಮೇಲೆ ಕಾಲೋನಿಯ ಗಂಡಹೆಂಡತಿ, ಆಮೇಲೆ ಮಸೀದಿಯ ಹತ್ತಿರದ ಗ್ಯಾರೇಜಿನವರು. ಅಮ್ಮ ತೋಳು ಚಾಚಿ ಮುಖ ಆ ಕಡೆ ತಿರುಗಿಸಿದರು. ಹಳೆಯ ದಾಕಿನ ಗುರುತಿನ ಎರಡು ಬೆರಳು ಮೇಲೆ ಸೂಜಿ ಇಳಿಯಿತು. ನಮ್ಮೂರಿನಲ್ಲಿ ಎರಡು ಬಾವಿಗಳಿದ್ದವು. ಯಾರು ಯಾವ ಬಾವಿಯ ನೀರು ಸೇದಬೇಕೆಂಬುದನ್ನು ನನ್ನ ಬಾಲ್ಯದಲ್ಲಿ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ, ಅಷ್ಟು ಗಟ್ಟಿ ಗೊತ್ತಿತ್ತು. ಆ ಎರಡು ಬಾವಿಯವರೂ ಒಂದೇ ಸೀಸೆಯ ಮುಂದೆ ತೋಳು ಮಡಿಚಿ ಸಾಲಾಗಿ ಕೂತಿದ್ದರು. ಹತ್ತನೆಯವರು ಬರುವವರೆಗೆ ಮೊದಲನೆಯವರಿಗೂ ಇಲ್ಲ ಎಂಬುದು ಆ ಸೀಸೆಯ ಕಟ್ಟಳೆ. ಅದನ್ನು ಯಾವ ಕವಿಯೂ ಬರೆಯಲಿಲ್ಲ, ಕಾರ್ಖಾನೆಯವರು ಲೇಬಲ್ಲಿನ ಮೇಲೆ ಅಚ್ಚುಹಾಕಿದ್ದ ಡೋಸುಗಳ ಲೆಕ್ಕದಿಂದ ಅದು ಹುಟ್ಟಿತ್ತು.

ಅಜ್ಜಿಗೆ ಹಾಕಿದ ಮೇಲೆ ಸಿಸ್ಟರ್ ಸೀಸೆಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಇನ್ನೂ ಸ್ವಲ್ಪ ಹೊಳೆಯುತ್ತಿತ್ತು. ಸೀಸೆಯಲ್ಲಿ ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚಿಗೇ ತುಂಬಿರುತ್ತಾರೆ, ನುರಿತ ಕೈಯಾದರೆ ಹನ್ನೊಂದನೆಯ ಡೋಸು ಹೊರಡುತ್ತದೆ. ಆಕೆ ಓರೆಯಾಗಿ ಹಿಡಿದು, ಗಾಳಿಗುಳ್ಳೆ ಬಾರದಂತೆ ನಿಧಾನವಾಗಿ ಎಳೆದರು. ಅರ್ಧ ಎಂ.ಎಲ್. ಗೆರೆಗೆ ಸರಿಯಾಗಿ ಬಂತು. ‘ನಿಮ್ಮ ಆಟೋದವ್ರಿಗೆ ವಯಸ್ಸೆಷ್ಟು?’ ಎಂದು ಕೇಳಿದರು. ಐವತ್ತೆರಡು. ನನ್ನನ್ನು ಕರೆತಂದ ತಪ್ಪಿಗೆ ಅವರೂ ತೋಳು ಮಡಿಚಬೇಕಾಯಿತು. ಅರ್ಧ ಗಂಟೆ ಮರದ ನೆರಳಲ್ಲಿ ಹನ್ನೊಂದು ಜನ ಕೂತು, ಯಾರಿಗೂ ಏನೂ ಆಗಲಿಲ್ಲವೆಂದು ಖಚಿತವಾದ ಮೇಲೆ ಎದ್ದರು.

ಇಲ್ಲಿಗೆ ಮುಗಿಸಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಆದರೆ ಇದಾಗಿ ಮೂರು ವಾರಕ್ಕೆ ಹಾಸನದ ಬಳಿ ಒಂದು ಮದುವೆ. ಸರ್ಕಾರದ ಲೆಕ್ಕ ಐವತ್ತು ಜನ, ಛತ್ರದಲ್ಲಿ ನೂರರ ಮೇಲಿದ್ದೆವು. ಬೆಳಗಿನಿಂದ ನನಗೆ ಗಂಟಲು ಸ್ವಲ್ಪ ಕೆರೆಯುತ್ತಿತ್ತು. ರಾತ್ರಿ ಪ್ರಯಾಣದ ಗಾಳಿ ಅಂದುಕೊಂಡೆ. ಮಾಸ್ಕು ಹಾಕಿಕೊಂಡೇ ಇದ್ದೆ. ವಧೂವರರ ಜೊತೆ ನಿಂತಾಗ ಫೋಟೊಗ್ರಾಫರ್ ‘ಸಾರ್, ಒಂದೇ ನಿಮಿಷ, ಮಾಸ್ಕ್ ತೆಗೀರಿ, ಮುಖ ಕಾಣಲ್ಲ’ ಅಂದರು. ತೆಗೆದೆವು. ನನ್ನ ಪಕ್ಕದಲ್ಲಿ ಸೋದರಮಾವ. ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ಜೋರಾಗಿ ನಕ್ಕೆವು. ಆ ಫೋಟೊ ಈಗಲೂ ಇದೆ, ತುಂಬ ಚೆನ್ನಾಗಿ ಬಂದಿದೆ.

ಮೂರನೆಯ ದಿನ ನನಗೆ ಪಾಸಿಟಿವ್. ಐದನೆಯ ದಿನ ಮಾವನಿಗೆ. ನನಗೆ ಒಂದು ಸೂಜಿಯ ಕಾವಲಿತ್ತು, ಎರಡು ದಿನ ಡೋಲೊ ನುಂಗಿ ಎದ್ದೆ. ಮಾವ ಮದುವೆಯ ಗಲಾಟೆ ಮುಗಿಯಲಿ ಎಂದು ಲಸಿಕೆ ಮುಂದೂಡಿದ್ದರು. ಹತ್ತು ದಿನ ಆಕ್ಸಿಮೀಟರಿಗೆ ಬೆರಳು ಸಿಕ್ಕಿಸಿಕೊಂಡು 92, 93 ಎಂದು ಫೋನಿನಲ್ಲಿ ಓದಿ ಹೇಳುತ್ತಿದ್ದರು. ಮೇ 5ರಂದು ನಮ್ಮ ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು ಎಂದು ವಾರ್ತೆಯಲ್ಲಿ ಕೇಳಿದಾಗ ನನಗೆ ಆ ಸಂಖ್ಯೆ ಕೇಳಿಸಲಿಲ್ಲ, ಮಾವನ 92 ಮಾತ್ರ ಕಿವಿಯಲ್ಲಿತ್ತು. ಅವರು ಉಳಿದುಕೊಂಡರು. ಮೂಗು ಉಳಿಯಲಿಲ್ಲ.

ಮಾವನದು ಕಾಫಿಪುಡಿ ಅಂಗಡಿ. ನಲವತ್ತು ವರ್ಷ ಬೀಜ ಹುರಿದು ಬೀಸಿದವರು. ಪುಡಿಯನ್ನು ಅಂಗೈಗೆ ಹಾಕಿಕೊಂಡು ಒಮ್ಮೆ ಮೂಸಿದರೆ ಚಿಕೋರಿ ಎಷ್ಟೆಂದು ಶೇಕಡಾವಾರು ಹೇಳುತ್ತಿದ್ದರು. ಈ ವೈರಾಣು ವಾಸನೆಯ ನರಗಳಿಗೆ ಆಸರೆಯಾಗಿರುವ ಜೀವಕೋಶಗಳನ್ನು ಹಿಡಿಯುತ್ತದಂತೆ, ಕೆಲವರಿಗೆ ವಾಸನೆ ಮರಳಲು ತಿಂಗಳುಗಳೇ ಬೇಕಂತೆ. ಅಲ್ಲಿಯವರೆಗೆ ಅತ್ತೆ ಗಲ್ಲಾದಲ್ಲಿ ನಿಂತು ಮೂಸಿ ಹೇಳಿದರು, ಮಾವ ತೂಕ ಹಾಕಿದರು. ‘ಯಾರಿಂದ ಬಂತು’ ಎಂದು ಆ ದಿನಗಳಲ್ಲಿ ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದರು. ಮಾವ ನನ್ನನ್ನು ಒಂದು ದಿನವೂ ಕೇಳಲಿಲ್ಲ. ನನ್ನಿಂದಲೇ ಹೋಯಿತೋ, ನನಗೂ ಅವರಿಗೂ ಮೂರನೆಯವರಿಂದ ಬಂತೋ, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವೆಂಬುದು ನನಗೆ ಸಮಾಧಾನ ಕೊಟ್ಟಿಲ್ಲ. ಎಮ್ಮೆ ಬಿಟ್ಟು ಬಂದ ಅಜ್ಜಿಯನ್ನು ಕಣ್ಣಾರೆ ನೋಡಿದವನು ನಾನು. ಮೂರು ವಾರಕ್ಕೆ ಮರೆತಿದ್ದೆ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತೆಂದು ಹೇಳಿತು. ಸುಣ್ಣದ ವೃತ್ತಗಳು ಅಳಿಸಿಹೋಗಿವೆ. ಕಂಡಕ್ಟರು ಮತ್ತೆ ಸೀಟಿ ಊದುತ್ತಾರೆ, ಬೆರಳೂ ಮತ್ತೆ ನಾಲಗೆಗೆ ಹೋಗುತ್ತಿದೆ. ಟೈಲರ್ ಅಕ್ಕನ ಮಷೀನಿನಲ್ಲಿ ಈಗ ರವಿಕೆಗಳೇ. ನಾನು ಮಾತ್ರ ಶೀತವಾದ ದಿನ ಬಸ್ಸು ಹತ್ತುವಾಗ ಜೇಬಿನಿಂದ ಒಂದು ಮಾಸ್ಕು ತೆಗೆದು ಹಾಕಿಕೊಳ್ಳುತ್ತೇನೆ. ಪಕ್ಕದವರು ಸ್ವಲ್ಪ ದೂರ ಸರಿಯುತ್ತಾರೆ, ಇವನಿಗೇನೋ ರೋಗ ಎಂದು. ಹೌದು, ಅದಕ್ಕೇ ಹಾಕಿಕೊಂಡದ್ದು.

ಹೋದ ತಿಂಗಳು ಹಾಸನಕ್ಕೆ ಹೋಗಿದ್ದೆ. ಮಾವ ಗಲ್ಲಾದಲ್ಲಿ ಕೂತಿದ್ದರು. ವಾಸನೆ ಪೂರ್ತಿ ಮರಳಿದೆ ಎನ್ನುತ್ತಾರೆ. ನನಗೆಂದು ಕಟ್ಟಿಟ್ಟಿದ್ದ ಪೊಟ್ಟಣ ಬಿಚ್ಚಿ, ಚಿಟಿಕೆ ಪುಡಿ ಅಂಗೈಗೆ ಹಾಕಿಕೊಂಡು, ಕಣ್ಣು ಮುಚ್ಚಿ ಮೂಸಿ, ‘ಚಿಕೋರಿ ಮೂವತ್ತು’ ಅಂದರು. ಹಿಂದೆ ನಿಂತಿದ್ದ ಅತ್ತೆ ಸದ್ದಿಲ್ಲದೆ ನನ್ನ ಕಡೆ ಎರಡು ಬೆರಳು ತೋರಿಸಿದರು. ಇಪ್ಪತ್ತು. ‘ಸರಿಯಾಗಿ ಹೇಳಿದ್ರಿ ಮಾವ’ ಅಂದು ಪೊಟ್ಟಣ ತೆಗೆದುಕೊಂಡೆ.